ಸೊಳ್ಳೆಗೆಂದೇ ಒಂದು ಮಡಕೆ

ಹಳೆಯ ನೀರು ಚೆಲ್ಲಿ ಹೊಸದು ತುಂಬಿದರೆ ಸೊಳ್ಳೆಯ ಕಾಟ ತಪ್ಪಿತು ಎಂದು ಈಗಿನವರಿಗೆ ಯಾರು ಹೇಳಿಕೊಟ್ಟರೋ! ದಾವಣಗೆರೆಯಲ್ಲಿ ನಲ್ಲಿ ಬಂದಾಗ ಡ್ರಮ್ಮು, ಕೊಡ ಎಲ್ಲ ತುಂಬಿಟ್ಟುಕೊಳ್ಳುವವರು ನಾವು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ. ಆ ಕಪ್ಪು ಚುಕ್ಕಿಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ತಾಗಿದರೆ ಮರಿ ಏಳುತ್ತವೆ. ತೆಂಗಿನ ನಾರಿನಿಂದ ಗೋಡೆ ತಿಕ್ಕಬೇಕು. ತಾಮ್ರದ ಹಂಡೆಗೂ ಅದೇ ನಾರು, ಹುಣಸೆಹಣ್ಣು ಸಾಕು. ಹಸಿರು ಸ್ಕ್ರಬ್ಬರ್‌ನಿಂದ ಗೀರು ಬೀಳುತ್ತದೆ ಎಂದು ಎಷ್ಟು ಸಲ ಹೇಳಲಿ?

ಕಲಗಚ್ಚಿನ ಬಾನಿ ಬರಿದು ಮಾಡದೆ ನಮ್ಮ ಅತ್ತೆ ಮಲಗುತ್ತಿರಲಿಲ್ಲ. ನಾರುವ ನೀರಿಗೆ ಸೊಳ್ಳೆ ಹುಡುಕಿಕೊಂಡು ಬರುತ್ತದೆ ಎನ್ನುತ್ತಿದ್ದರು. ನಿಜವೇ. ಹುಲ್ಲು, ಎಲೆ ಕೊಳೆತು ಸೂಕ್ಷ್ಮಾಣು ಬೆಳೆದ ನೀರಿನಲ್ಲಿ ಮರಿಗೆ ಮೇವುಂಟೆಂದು ಹೆಣ್ಣು ಸೊಳ್ಳೆ ವಾಸನೆಯಿಂದಲೇ ತಿಳಿಯುತ್ತದೆ. ಚರಂಡಿಯ ಕ್ಯೂಲೆಕ್ಸ್ ಸೊಳ್ಳೆಯಂತೂ ತನ್ನ ಮೊಟ್ಟೆಗಳ ತುದಿಯಲ್ಲಿ ಒಂದು ಹನಿ ದ್ರವ ಬಿಟ್ಟು ಉಳಿದ ಹೆಣ್ಣು ಸೊಳ್ಳೆಗಳನ್ನೂ ಅಲ್ಲಿಗೇ ಕರೆಯುತ್ತದೆ; ಆ ರಾಸಾಯನಿಕ ಯಾವುದೆಂದು 1982ರಲ್ಲೇ ಪತ್ತೆಯಾಗಿದೆ.

ಈ ಚಪಲವನ್ನೇ ಬಳಸಿಕೊಂಡು ಒಂದು ಮಡಕೆಯಲ್ಲಿ ಮೊಟ್ಟೆ ಇಡಿಸಿ, ರೆಕ್ಕೆ ಬರುವ ಮೊದಲೇ ನಾಶ ಮಾಡಿ. ಒಂದು ಹಿಡಿ ಒಣ ಭತ್ತದ ಹುಲ್ಲನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ವಾರದ ಮಟ್ಟಿಗೆ ಬಿಡಿ. ಬಣ್ಣ ತೆಳು ಚಹಾದಷ್ಟಾಗಿ, ಕೊಟ್ಟಿಗೆಯ ವಾಸನೆ ಬಂದರೆ ಹದ. ಮೂಗು ಮುಚ್ಚಿಕೊಳ್ಳುವಂತಾದರೆ ನೀರು ಬೆರೆಸಿ, ಅತಿಯಾದರೆ ಸೊಳ್ಳೆಯೂ ದೂರ ಸರಿಯುತ್ತದೆ. ಸೋಸಿ ಕಪ್ಪು ಮಡಕೆಗೆ ಅರ್ಧ ತುಂಬಿಸಿ. ಹಳೆಯ ಹತ್ತಿ ಪಂಚೆಯ ಪಟ್ಟಿಯನ್ನು ಒಳಗೋಡೆಗೆ ಸುತ್ತ ಹಚ್ಚಿ, ಕೆಳಗಂಚು ಮುಳುಗಿರಲಿ, ಮೇಲಂಚಿನವರೆಗೆ ತೇವ ಏರಲಿ. ಟೆರಿಲಿನ್ ಬೇಡ, ಅದು ನೀರು ಹೀರುವುದಿಲ್ಲ. ಬಚ್ಚಲ ಹಿಂದೆ, ನೆರಳಿನಲ್ಲಿ, ನೆಲದ ಮೇಲೆಯೇ ಇಡಿ. ಈಡಿಸ್ ಮೊಟ್ಟೆ ಹೆಚ್ಚಾಗಿ ಪಟ್ಟಿಗೇ ಅಂಟುತ್ತದೆ.

ನಾಲ್ಕನೆಯ ದಿನ ಪಟ್ಟಿ ತೆಗೆದು ಕುದಿಯುವ ನೀರಿಗೆ ಹಾಕಿ. ಬಿಸಿಲು ಬೀಳುವ ಒಣ ಮಣ್ಣಿಗೆ ಮಡಕೆಯ ನೀರು ಚೆಲ್ಲಿ, ಮೋರಿಗಲ್ಲ. ಮಡಕೆಯ ಒಳಗೋಡೆಯನ್ನೂ ತಿಕ್ಕಿ. ನಾಳೆ ನೋಡೋಣ ಎಂದು ತಳ್ಳಿದರೆ ಬಿಸಿಲುಕಾಲದಲ್ಲಿ ವಾರ, ಹತ್ತು ದಿನದೊಳಗೆ ರೆಕ್ಕೆ ಬಂದು ಹಾರುತ್ತವೆ. ಆಮೇಲೆ ನನ್ನ ಮಡಕೆಯನ್ನು ಬೈಯಬೇಡಿ. ಒಂದೇ ಸೊಳ್ಳೆ ಹಲವು ಕಡೆ ಹಂಚಿ ಮೊಟ್ಟೆ ಇಡುವುದರಿಂದ ಉಳಿದ ಪಾತ್ರೆಗಳನ್ನೆಲ್ಲ ಮುಚ್ಚಿಡಿ, ಫ್ರಿಜ್ ಹಿಂದಿನ ತಟ್ಟೆಯನ್ನೂ ನೋಡಿ. ಊರಿಗೆ ಹೊರಟರೆ ಮೊದಲು ಮಡಕೆ ಬೋರಲು ಹಾಕಿ.