ಒಂದೇ ಇಂಟರ್‌ರೇಲ್ ಪಾಸ್, ಎರಡು ಪ್ರವಾಸ: ಆಸ್ಟ್ರೇಲಿಯಾ ಪಾಸ್‌ಪೋರ್ಟಿನವರ ಮ್ಯೂನಿಕ್ ಲೆಕ್ಕ

ಇಂಟರ್‌ರೇಲ್ ಅಂದರೆ ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಪಾಸ್; ವಾಸವಿರುವ ದೇಶದೊಳಗೆ ಮಾತ್ರ ಅದು ಹೊರಗೆ ಹೋಗಲು ಒಂದು ಸಲ, ಒಳಗೆ ಬರಲು ಒಂದು ಸಲ. ನಮ್ಮ ವಾಸ ಮ್ಯೂನಿಕ್‌ನಲ್ಲಿ. "ಸ್ವಂತ ದೇಶದಿಂದ ಹೊರಗೆ ಒಂದು ಸಲ, ಒಳಗೆ ಒಂದು ಸಲ. ಒಂದು ಪಾಸಿನಲ್ಲಿ ಎರಡು ಪ್ರವಾಸ ಹೇಗ್ರೀ ಆಗತ್ತೆ?" ಎಂದು ನಕ್ಕವರೇ ಹೆಚ್ಚು. ಆಯಿತು. 2025ರ ಜೂನ್‌ನಲ್ಲಿ ಏಳು ದಿನದ ಪಾಸಿನಲ್ಲಿ ಸಿಸಿಲಿಯೂ ಆಯಿತು, ವಿಯೆನ್ನಾವೂ ಆಯಿತು. ಇಬ್ಬರು ದೊಡ್ಡವರು, ಒಂಬತ್ತು ವರ್ಷದ ಒಂದು ಮಗು.

ಮೊದಲು ಪಾಸ್ ಯಾವುದು ಎಂಬ ಗೊಂದಲ. ನಮ್ಮ ಪಾಸ್‌ಪೋರ್ಟ್ ಆಸ್ಟ್ರೇಲಿಯಾದ್ದು, ಹಾಗಾಗಿ ಯೂರೇಲ್ ಎಂದುಕೊಳ್ಳುವವರು ಬಹಳ. ಇಲ್ಲಿ ಲೆಕ್ಕಕ್ಕೆ ಬರುವುದು ವಾಸದ ವಿಳಾಸ, ಪೌರತ್ವವಲ್ಲ. ಯೂರೋಪಿನಲ್ಲಿ ನೆಲೆಸಿದವರಿಗೆ ಇಂಟರ್‌ರೇಲ್, ಹೊರಗಿನವರಿಗೆ ಯೂರೇಲ್. ಮೆಲ್ಬರ್ನ್‌ನಿಂದ ಬರುವ ನೆಂಟರಿಗೆ ಯೂರೇಲೇ ಬೇಕು. ಅವರಿಗೆ ಜರ್ಮನಿಯೊಳಗೂ ಈ ಒಂದು ಸಲದ ನಿರ್ಬಂಧವಿಲ್ಲ, ಅದೃಷ್ಟವಂತರು. ನಾವು ಪಾಸ್‌ಪೋರ್ಟಿನ ಜೊತೆ ಜರ್ಮನಿಯ ವಾಸದ ಕಾರ್ಡನ್ನೂ ಜೇಬಿನಲ್ಲೇ ಇಟ್ಟುಕೊಳ್ಳಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಇದೆ. ಫೋನಿನಲ್ಲಿರುವ ಫೋಟೋ ತೋರಿಸಿ ಪಾರಾಗುವ ಯೋಚನೆ ಬೇಡ.

ರಜೆಯ ಲೆಕ್ಕ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರಿಗೆ ಬಾಯಿಪಾಠ ಆಗಿರಬೇಕು. ಫಿಂಗ್‌ಸ್ಟನ್ ಸೋಮವಾರಕ್ಕೂ ಫ್ರೋನ್‌ಲೈಶ್ನಾಮ್ ಗುರುವಾರಕ್ಕೂ (ಎರಡೂ ಕ್ರೈಸ್ತ ಹಬ್ಬದ ಸರ್ಕಾರಿ ರಜೆ) ಪ್ರತಿ ವರ್ಷ ಹತ್ತೇ ದಿನ ಅಂತರ. ಆಫೀಸಿಗೆ ಎಂಟು ರಜೆ ಬರೆದರೆ ಹದಿನಾರು ದಿನ ಕೈಗೆ ಸಿಗುತ್ತದೆ. 2025ರಲ್ಲಿ ಅದು ಜೂನ್ 7ರಿಂದ 22. ಶಾಲೆಗೂ ಆಗಲೇ ರಜೆ. ಸಹೋದ್ಯೋಗಿಗಳೂ ಇದೇ ದಿನಗಳ ಮೇಲೆ ಕಣ್ಣಿಟ್ಟಿರುತ್ತಾರೆ, ಆದ್ದರಿಂದ ಅರ್ಜಿ ಜನವರಿಯಲ್ಲೇ ಹೋಗಬೇಕು.

ಪಾಸ್ ಕೊಂಡದ್ದು ರಿಯಾಯಿತಿಯ ಸಮಯದಲ್ಲಿ. ತಿಂಗಳೊಳಗೆ ಏಳು ದಿನದ್ದು ಪೂರ್ತಿ ಬೆಲೆಗೆ 380 ಯೂರೋ ಹತ್ತಿರ, ಕಾಲು ಭಾಗ ಕಳೆದು ತಲೆಗೆ 285 ಬಿತ್ತು. ಹನ್ನೆರಡರೊಳಗಿನ ಮಗುವಿಗೆ ಪಾಸ್ ಉಚಿತ, ಆದರೆ ಸೀಟು, ಬರ್ತ್ ದುಡ್ಡು ಕೊಡಲೇಬೇಕು. 285ನ್ನು ಏಳರಿಂದ ಭಾಗಿಸಿದರೆ ದಿನಕ್ಕೆ ನಲವತ್ತು ಚಿಲ್ಲರೆ. ಬಿಡಿ ಟಿಕೆಟ್ ಇದಕ್ಕಿಂತ ಕಡಿಮೆಯಿದ್ದ ದಿನ ಪಾಸ್ ಮುಟ್ಟಲಿಲ್ಲ.

ಇನ್ನು ಮುಖ್ಯ ವಿಷಯ. ಹೋಗುವಾಗ 'ಹೊರಗೆ' ಸವಾರಿಯನ್ನು ಖರ್ಚೇ ಮಾಡಲಿಲ್ಲ. ಕಚೇರಿಗೆ ಓಡಾಡಲು ಹೇಗೂ ಇರುವ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ (ಜರ್ಮನಿಯಾದ್ಯಂತ ಪ್ರಾದೇಶಿಕ ರೈಲುಗಳಲ್ಲಿ ನಡೆಯುವ ತಿಂಗಳ ಟಿಕೆಟ್, ಆಗ 58 ಯೂರೋ) ಪ್ರಾದೇಶಿಕ ರೈಲು ಹಿಡಿದು ಜರ್ಮನಿಯ ಗಡಿಯೂರು ಲಿಂಡೌ. ಅಲ್ಲಿಂದ ಗಡಿಯಾಚೆ ಆಸ್ಟ್ರಿಯಾದ ಬ್ರೆಗೆಂಟ್ಸ್‌ಗೆ ಕೆಲವೇ ಯೂರೋಗಳ ಬಿಡಿ ಟಿಕೆಟ್. ಪಾಸ್ ಶುರುವಾದದ್ದು ಬ್ರೆಗೆಂಟ್ಸ್‌ನಲ್ಲಿ. ಲಿಂಡೌದಲ್ಲೇ ಪಾಸ್ ಮೇಲೆ ಹತ್ತಿದರೆ ವಾಸದ ದೇಶದಿಂದ ಹೊರಟ ಲೆಕ್ಕ, ಆಟ ಅಲ್ಲಿಗೇ ಮುಗಿಯಿತು. ಇಟಲಿಯಿಂದ ವಾಪಸು ಬರುವಾಗ ರೋಮ್–ಮ್ಯೂನಿಕ್ ನೈಟ್‌ಜೆಟ್ ರಾತ್ರಿ ರೈಲಿನಲ್ಲಿ 'ಒಳಗೆ' ಸವಾರಿ ಬಳಸಿದೆವು. ಉಳಿದಿದ್ದ 'ಹೊರಗೆ' ಸವಾರಿ ತಿಂಗಳು ಮುಗಿಯುವ ಮೊದಲಿನ ಒಂದು ವಾರಾಂತ್ಯಕ್ಕೆ, ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ. ಮರಳುವಾಗ ಸಾಲ್ಟ್ಸ್‌ಬುರ್ಗ್‌ವರೆಗೆ ಪಾಸ್, ಅಲ್ಲಿಂದ ಮತ್ತೆ ಡಾಯ್ಚ್‌ಲಾಂಡ್ ಟಿಕೆಟ್. ಅದು ಸಾಲ್ಟ್ಸ್‌ಬುರ್ಗ್ ಮುಖ್ಯ ನಿಲ್ದಾಣದವರೆಗೂ ನಡೆಯುತ್ತದೆ, ಪ್ರಾದೇಶಿಕ ರೈಲಿನಲ್ಲಿ ಮಾತ್ರ. ಆರು ದಾಟಿದ ಮಗುವಿಗೆ ಅದು ಅನ್ವಯಿಸುವುದಿಲ್ಲ, ಬೇರೆ ಟಿಕೆಟ್ ಬೇಕು. ಮೊದಲ ಲೆಕ್ಕದಲ್ಲಿ ಈ ಖರ್ಚನ್ನೇ ಮರೆತಿದ್ದೆ.

ಬ್ರೆಗೆಂಟ್ಸ್, ಸ್ವಿಟ್ಜರ್ಲೆಂಡಿನ ಕೂರ್, ಸೇಂಟ್ ಮೊರಿಟ್ಸ್, ಇಟಲಿಯ ತಿರಾನೊ: ಎಲ್ಲ ಒಂದೇ ದಿನ. ಬೆಳಿಗ್ಗೆ ಆರರ ಸುಮಾರಿಗೆ ಮ್ಯೂನಿಕ್ ಬಿಟ್ಟರಷ್ಟೇ ಸಾಧ್ಯ. ಎಂಟಕ್ಕೆ ಹೊರಟ ಹಿಂದಿನ ಪ್ರಯತ್ನದಲ್ಲಿ ಒಂದು ಸಂಪರ್ಕ ತಪ್ಪಿ, ಬೆರ್ನಿನಾ ಕಣಿವೆಯನ್ನು ಕತ್ತಲಲ್ಲಿ ಇಳಿದದ್ದಾಯಿತು. ಪ್ರವಾಸಿಗರ ರೈಲಾದ ಬೆರ್ನಿನಾ ಎಕ್ಸ್‌ಪ್ರೆಸ್‌ಗೆ ಪಾಸ್ ಇದ್ದರೂ ಸೀಟಿನ ದುಡ್ಡು ಬೇರೆ. ಅದೇ ಹಳಿಯ ಮೇಲೆ ಓಡುವ ಸಾದಾ ಕೆಂಪು ರೈಲಿಗೆ ರಿಸರ್ವೇಷನ್ ಬೇಡ, ಕೆಲವು ಬೋಗಿಗಳಲ್ಲಿ ಕಿಟಕಿಯೂ ತೆರೆಯುತ್ತದೆ. ಕೂರ್‌ನಿಂದ ಬಲಬದಿಗೆ ಕೂತರೆ ಲಾಂಡ್‌ವಾಸರ್ ಸೇತುವೆ ಕಾಣುತ್ತದೆ. 2253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬೆರ್ನಿನಾದಿಂದ 429 ಮೀಟರ್‌ನ ತಿರಾನೊಗೆ ಹಲ್ಲಿನ ಹಳಿಯ ಸಹಾಯವಿಲ್ಲದೆ ಇಳಿಯುವ ದಾರಿ ಅದು, ಜೂನ್‌ನಲ್ಲೂ ಮೇಲೆ ಸ್ವೆಟರ್ ಬೇಕು. ತಿರಾನೊದಲ್ಲಿ ರಾತ್ರಿ ತಂಗಿ, ಮರುದಿನ ಮಿಲಾನ್‌ಗೆ ಹದಿಮೂರು ಯೂರೋ ಆಸುಪಾಸಿನ ಬಿಡಿ ಟಿಕೆಟ್. ಇಲ್ಲೂ ಬಲಬದಿಗೇ ಕೂರಿ, ಕೋಮೊ ಸರೋವರ ಆ ಕಡೆಗಿದೆ.

ಮಿಲಾನ್–ರೋಮ್ ಫ್ರೆಚ್ಚಾರೋಸ್ಸಾ ಅತಿವೇಗದ ರೈಲಿಗೆ ಪಾಸಿನ ಮೇಲೆ ತಲಾ 13 ಯೂರೋ ರಿಸರ್ವೇಷನ್. ರೋಮ್‌ನಿಂದ ಸಿಸಿಲಿಗೆ ರಾತ್ರಿ ರೈಲು. ವಿಲ್ಲಾ ಸಾನ್ ಜೊವಾನಿಯಲ್ಲಿ ಬೋಗಿಗಳನ್ನು ಬಿಡಿಸಿ ಹಡಗಿನ ಹೊಟ್ಟೆಯೊಳಗೆ ತಳ್ಳುತ್ತಾರೆ. ಮೆಸ್ಸಿನಾ ಜಲಸಂಧಿ ದಾಟುವುದು ಅರ್ಧ ಗಂಟೆಯೊಳಗೆ, ಬೋಗಿ ಬಿಡಿಸಿ ಜೋಡಿಸುವುದಕ್ಕೇ ಹೆಚ್ಚು ಹೊತ್ತು. ಹಡಗಿನ ಮೇಲಟ್ಟಕ್ಕೆ ಹೋಗಬಹುದು, ಬೋಗಿ ನಂಬರ್ ನೆನಪಿಟ್ಟುಕೊಂಡು ಹೋಗಿ. ಹೋಗಿ ಬರಲು ಎರಡು ಪ್ರಯಾಣದ ದಿನ. ರಾತ್ರಿ ರೈಲು ಹೊರಟ ದಿನವಷ್ಟೇ ಲೆಕ್ಕಕ್ಕೆ, ಮಧ್ಯರಾತ್ರಿಯ ನಂತರ ಇನ್ನೊಂದು ರೈಲಿಗೆ ಬದಲಾಯಿಸಿದರೆ ಇನ್ನೊಂದು ದಿನ ಹೋಗುತ್ತದೆ. ಒಟ್ಟು: ಬ್ರೆಗೆಂಟ್ಸ್–ತಿರಾನೊ ಒಂದು, ಮಿಲಾನ್–ರೋಮ್ ಒಂದು, ಸಿಸಿಲಿ ಎರಡು, ರೋಮ್–ಮ್ಯೂನಿಕ್ ಒಂದು, ವಿಯೆನ್ನಾ ಎರಡು. ಏಳಕ್ಕೆ ಏಳು.

ಕೈ ಸುಟ್ಟುಕೊಂಡದ್ದು ಮೊದಲ ವರ್ಷ. ಪಾಸಿನವರಿಗೆ ಬೇರೆ ಕೋಟಾ ಇರುವ ಅತಿವೇಗದ ರೈಲಿಗೆ ಎರಡು ವಾರ ಮುಂಚೆ ಹೋದರೆ ಸೀಟಿಲ್ಲ. ಖಾಲಿ ಇರುವ ರೈಲಿಗೇ ಪೂರ್ತಿ ದುಡ್ಡು ತೆತ್ತು ಹೋಗಬೇಕಾಯಿತು, ಮೂವರಿಗೆ 200ರ ಮೇಲೆ. ಈಗ ಬರ್ತ್‌ಗಳನ್ನು ಮೊದಲು ಹಿಡಿದು, ಆಮೇಲೆ ಊರು, ಹೋಟೆಲು. ಬರ್ತ್ ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಜೂನ್‌ನಲ್ಲಿ ನಮಗೂ ಮೂರು ಬೇಕಲ್ಲ. ಇನ್ನೊಂದು ಎಡವಟ್ಟು ಆ್ಯಪ್‌ನದು: ರೈಲು ಹತ್ತುವ ಮೊದಲೇ ಆ ಪ್ರಯಾಣವನ್ನು ಪಾಸಿಗೆ ಸೇರಿಸಿರಬೇಕು. ಸುರಂಗದೊಳಗೆ ನೆಟ್‌ವರ್ಕ್ ಹುಡುಕುವವನಿಗೆ ಟಿಕೆಟ್ ಕಲೆಕ್ಟರ್ ಕಾಯುವುದಿಲ್ಲ.

ಖರ್ಚು ನೆನಪಿನಿಂದ: ಪಾಸ್ 570, ಮೂರು ರಾತ್ರಿಗಳ ಬರ್ತ್ ಮತ್ತು ಸೀಟು 370ರ ಹತ್ತಿರ, ಬಿಡಿ ಟಿಕೆಟ್‌ಗಳು 120. ಅಂದರೆ 1060ರ ಆಸುಪಾಸು. ಇದೇ ದಾರಿಗೆ ಬಿಡಿಬಿಡಿಯಾಗಿ ಕೂಡಿಸಿ ನೋಡಿದಾಗ 1600 ದಾಟಿತ್ತು. ಮೂರು ರಾತ್ರಿಯ ಹೋಟೆಲ್ ಉಳಿದದ್ದು ಬೇರೆ. ಸ್ವಿಟ್ಜರ್ಲೆಂಡ್‌ನಲ್ಲಿ ಊಟಕ್ಕೆ ಕೈ ಬಿಚ್ಚಲೇ ಇಲ್ಲ: ಚಪಾತಿ, ಚಟ್ನಿಪುಡಿ, ಡಬ್ಬಿಯಲ್ಲಿ ಗೊಜ್ಜವಲಕ್ಕಿ.

ಮುಂದಿನ ಪ್ರಯೋಗ ತವರಿನ ದಾರಿಯದು. ಯೂರೋಪಿನ ಬೇಸಿಗೆಯ ತಿಂಗಳುಗಳಲ್ಲಿ ರೋಮ್‌ನಿಂದ ಪರ್ತ್‌ಗೆ ನೇರ ವಿಮಾನ ಇದೆ. ಮ್ಯೂನಿಕ್‌ನಿಂದ ರಾತ್ರಿ ರೈಲಿನಲ್ಲಿ ರೋಮ್‌ಗೆ ಹೋಗಿ ಅದನ್ನು ಹಿಡಿಯುವ ಯೋಚನೆ. ಎರಡೂ ಬೇರೆ ಬೇರೆ ಟಿಕೆಟ್, ರೈಲು ತಡವಾದರೆ ವಿಮಾನದವರು ಹೊಣೆಯಲ್ಲ. ಹಾಗಾಗಿ ರೋಮ್‌ನಲ್ಲಿ ಒಂದು ರಾತ್ರಿ ತಂಗಲೇಬೇಕು. ಟೆರ್ಮಿನಿ ಮುಖ್ಯ ನಿಲ್ದಾಣದಿಂದ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ 14 ಯೂರೋ, ತ್ರಾಸ್ತೆವೆರೆಯಿಂದ ಸಾದಾ ರೈಲು 8. ಸೂಟ್‌ಕೇಸ್ ಎರಡಿದ್ದರೆ ಆ ಆರು ಯೂರೋ ಉಳಿಸಲು ಹೋಗಬೇಡಿ.