ಫ್ಲಾರಿಡಾದಲ್ಲಿ ಕ್ಯಾಂಪಿಂಗ್: ಮೊದಲು ರಾತ್ರಿಯ ನಿದ್ದೆ ನೋಡಿ

ಫ್ಲಾರಿಡಾದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಪಿಂಗ್ ಹೊರಟರೆ ನಾನು ಮೊದಲು ಯೋಚಿಸುವುದು ಒಂದೇ. ರಾತ್ರಿ ನಿದ್ದೆ ಬರುತ್ತಾ, ಇಲ್ವಾ? ಹಗಲು ಹೇಗೋ ಕಳೆಯುತ್ತದೆ. ಮರದ ನೆರಳಿದೆ, ತೀರಾ ತಡೆಯಲಾಗದಿದ್ದರೆ ಕಾರಿನ ಎಸಿ ಇದೆ. ಆದರೆ ಜುಲೈ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಸೆಕೆ ಇಳಿಯುವುದಿಲ್ಲ. ಟೆಂಟಿನೊಳಗೆ ಮೈಯೆಲ್ಲ ಅಂಟಂಟು. ಮಕ್ಕಳು ಹೊರಳಾಡುತ್ತಾ ಬೆಳಗು ಮಾಡಿದರೆ ಮಾರನೇ ದಿನ ಎಲ್ಲರಿಗೂ ಸಿಡಿಮಿಡಿ.

ನಾವಿರುವುದು ಟ್ಯಾಂಪಾದಲ್ಲಿ, ಊರು ತೀರ್ಥಹಳ್ಳಿ ಕಡೆ. ನಮಗೆ ಒಗ್ಗಿರುವ ಜಾಗ ಸರಸೋಟಾ ಹತ್ತಿರದ ಮಯಾಕಾ ರಿವರ್ ಸ್ಟೇಟ್ ಪಾರ್ಕ್. ಐ-75 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗಿ, 205ನೇ ಎಕ್ಸಿಟ್‌ನಲ್ಲಿ ಇಳಿದು, ಪೂರ್ವಕ್ಕೆ ಒಂಬತ್ತು ಮೈಲಿ. ಟೆಂಟ್ ಹಾಕಲೂ ಜಾಗ ಇದೆ, ಮರದ ಕ್ಯಾಬಿನ್‌ಗಳೂ ಇವೆ. ನಾವು ಎರಡರಲ್ಲೂ ಉಳಿದಿದ್ದೇವೆ.

ಕಾಲದ ವಿಷಯದಲ್ಲಿ ನಾನು ಹಟಮಾರಿ. ನವೆಂಬರ್‌ನಿಂದ ಏಪ್ರಿಲ್ ಶುರುವಿನವರೆಗೆ ಮಾತ್ರ ಟೆಂಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಆದರೆ ಸಾಕು, ಗುಡುಗು ಸಿಡಿಲು. ಚಂಡಮಾರುತದ ಕಾಲ ಅಂತೂ ಜೂನ್ 1ರಿಂದ ನವೆಂಬರ್ 30ರವರೆಗೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯನ್ ಚಂಡಮಾರುತ ಬಂದಾಗ ಇದೇ ಮಯಾಕಾ ನದಿ ಉಕ್ಕಿ ಐ-75 ಹೆದ್ದಾರಿಯನ್ನೇ ಮುಚ್ಚಬೇಕಾಯಿತು. ಅಮೆರಿಕದ ಬೇರೆ ಕಡೆಯವರು ಬೇಸಿಗೆ ರಜೆಯಲ್ಲಿ ಕ್ಯಾಂಪಿಂಗ್ ಮಾಡುತ್ತಾರೆ, ಇಲ್ಲಿ ಎಲ್ಲ ಉಲ್ಟಾ. ಇಲ್ಲಿ ಚಳಿಗಾಲವೇ ಸೀಸನ್.

ಹಾಗಂತ ಕಂಬಳಿ ಬಿಟ್ಟು ಹೋಗಬೇಡಿ. ಜನವರಿಯಲ್ಲಿ ಉತ್ತರದಿಂದ ಶೀತಗಾಳಿ ಬೀಸಿತು ಅಂದ್ರೆ ರಾತ್ರಿ 5 ಡಿಗ್ರಿ ಸೆಲ್ಸಿಯಸ್‌ಗೂ ಇಳಿಯುತ್ತದೆ. ಮಾರನೇ ದಿನ ಮಧ್ಯಾಹ್ನ ನೋಡಿದರೆ ಮತ್ತೆ ಅರ್ಧ ತೋಳಿನ ಅಂಗಿ. ಮಕ್ಕಳಿಗೆ ಉಣ್ಣೆ ಟೋಪಿ, ಸಾಕ್ಸ್ ನಾನು ಯಾವಾಗಲೂ ಇಟ್ಟುಕೊಳ್ಳುತ್ತೇನೆ.

ಟೆಂಟ್‌ನ ನೆತ್ತಿ ಪೂರ್ತಿ ಬಲೆ ಇರುವಂಥದ್ದು ಬೇಕು. ಮಳೆ ಇಲ್ಲದ ರಾತ್ರಿ ಮೇಲಿನ ಹೊದಿಕೆ ತೆಗೆದುಬಿಟ್ಟರೆ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಆದರೆ ಬಲೆ ತುಂಬಾ ಸಣ್ಣ ಕಣ್ಣಿನದಾಗಿರಲಿ. ಇಲ್ಲಿ ನಮ್ಮೂರಿನ ನುಸಿಯಂಥ ಹುಳ ಇದೆ, ಕಣ್ಣಿಗೆ ಕಾಣಿಸುವುದೇ ಕಷ್ಟ, ಸಾಮಾನ್ಯ ಸೊಳ್ಳೆಬಲೆಯಲ್ಲಿ ನುಸುಳಿಬಿಡುತ್ತದೆ. ಪಾರ್ಕಿನ ಕ್ಯಾಂಪ್ ಸೈಟುಗಳಲ್ಲಿ ನೀರು, ಕರೆಂಟು ಎರಡೂ ಇರುವುದರಿಂದ ಹೊರಾಂಗಣದ ಎಕ್ಸ್‌ಟೆನ್ಷನ್ ವೈರ್ ಎಳೆದು ಒಂದು ಚಿಕ್ಕ ಟೇಬಲ್ ಫ್ಯಾನ್ ಇಡುತ್ತೇವೆ. ಇದನ್ನು ಕೇಳಿ ನಗುವವರಿದ್ದಾರೆ. ನಗಲಿ, ನಮ್ಮ ಮಕ್ಕಳು ಗಾಢ ನಿದ್ದೆ ಮಾಡುತ್ತಾರೆ.

ನೆಲ ಮರಳು. ಟೆಂಟಿನ ಜೊತೆ ಬರುವ ಸಣ್ಣ ಗೂಟಗಳು ಸಡಿಲ ಮರಳಲ್ಲಿ ನಿಲ್ಲುವುದಿಲ್ಲ, ಉದ್ದದ, ಅಗಲದ ಗೂಟ ಬೇರೆ ತರಬೇಕು. ಗೂಟ ಹೊಡೆಯುವ ಮುಂಚೆ ಜಾಗವನ್ನೆಲ್ಲ ಒಮ್ಮೆ ಸುತ್ತಿ ಬನ್ನಿ. ಕಾಫಿಪುಡಿ ಸುರಿದ ಹಾಗೆ ಸಡಿಲ ಮಣ್ಣಿನ ಗುಡ್ಡೆ ಕಂಡರೆ ಅದು ಫೈರ್ ಆಂಟ್ ಗೂಡು. ಮುಟ್ಟಿದ ತಕ್ಷಣ ನೂರಾರು ಕೆಂಪಿರುವೆ ಕಾಲಿಗೆ ಹತ್ತುತ್ತವೆ, ಕಚ್ಚಿದ ಕಡೆ ಮಾರನೇ ದಿನ ಬಿಳಿ ಕೀವಿನ ಗುಳ್ಳೆ. ಬರಿಗಾಲಲ್ಲಿ ಓಡಾಡುವಂತಿಲ್ಲ ಅನ್ನುವುದು ನಮ್ಮನೆ ಕಾನೂನು.

ಇನ್ನು ರಕೂನ್, ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ, ಕೈಚಳಕದ ಕಾಡುಪ್ರಾಣಿ. ಒಂದು ರಾತ್ರಿ ಪಕ್ಕದ ಸೈಟಿನಲ್ಲಿ ಸದ್ದಾಯ್ತು ಅಂತ ಟಾರ್ಚ್ ಬಿಟ್ಟೆ. ಅವರು ಮೇಜಿನ ಕೆಳಗೆ ಇಟ್ಟಿದ್ದ ಕೂಲರ್ (ತಿಂಡಿ ತಣ್ಣಗಿಡುವ ಐಸ್ ಪೆಟ್ಟಿಗೆ) ಮುಂದೆ ಒಂದು ರಕೂನ್ ಎರಡು ಕಾಲಲ್ಲಿ ನಿಂತಿತ್ತು. ಮುಂಗೈಯಲ್ಲಿ ಕೊಂಡಿಯನ್ನು ತಡಕಿ, ಅಲ್ಲಾಡಿಸಿ, ಕೊನೆಗೆ ಮುಚ್ಚಳ ಎತ್ತಿಯೇ ಬಿಟ್ಟಿತು. ಬೆಳಕು ಬಿದ್ದರೂ ಹೆದರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಬ್ರೆಡ್ ಪ್ಯಾಕೆಟ್ ಎಳೆದುಕೊಂಡು ನಿಧಾನವಾಗಿ ಹೊರಟಿತು. ಊಟ ಆದಮೇಲೆ ಎಲ್ಲವನ್ನೂ, ಕಸದ ಚೀಲ ಕೂಡ, ಕಾರಿನೊಳಗೆ ಹಾಕಿ ಬಾಗಿಲು ಹಾಕಿಬಿಡಬೇಕು.

ಅತ್ತೆ-ಮಾವ ಊರಿಂದ ಬಂದಾಗ ಟೆಂಟ್ ಮಾತೇ ಇಲ್ಲ. ಮಾವನಿಗೆ ಮಂಡಿನೋವು, ನೆಲದಿಂದ ಏಳುವುದು ಕಷ್ಟ, ರಾತ್ರಿ ಬಾತ್‌ರೂಮಿಗೆ ಹೋಗಬೇಕಾಗುತ್ತದೆ. ಆಗ ಕ್ಯಾಬಿನ್. ಇಲ್ಲಿರುವುದು ಐದೇ. 1930ರ ದಶಕದಲ್ಲಿ ದೊಡ್ಡ ಆರ್ಥಿಕ ಕುಸಿತವಾಗಿ ಕೆಲಸ ಇಲ್ಲದೆ ಕುಳಿತಿದ್ದ ಹುಡುಗರಿಗೆ ಸರ್ಕಾರ ಕೆಲಸ ಕೊಟ್ಟ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಕಟ್ಟಿದ್ದು. ಗೋಡೆಗೆ ಬಳಸಿರುವುದು ಸೇಬಲ್ ಪಾಮ್ ಅನ್ನುವ ತಾಳೆ ಜಾತಿಯ ಮರದ ಕಾಂಡ. ಅದು ಫ್ಲಾರಿಡಾದ ರಾಜ್ಯ ಮರ.

ಮಾವ ಅಡಿಕೆ ತೋಟದವರು. ಒಳಗೆ ಬಂದವರೇ ಬ್ಯಾಗ್ ಕೂಡ ಇಳಿಸದೆ ಗೋಡೆ ಮುಟ್ಟಿ ನೋಡಿದರು. ಬೆರಳ ಗೆಣ್ಣಿನಿಂದ ಕುಟ್ಟಿದರು. "ಇದ್ರೊಳಗೆ ಬರೀ ನಾರು ಕಣಮ್ಮ, ಹೊರಗಡೆ ಮಾತ್ರ ಗಟ್ಟಿ. ನಾವಾದ್ರೆ ಸೀಳಿ ದಬ್ಬೆ ಮಾಡ್ತಿದ್ವಿ. ಇವ್ರು ಇಡೀ ಮರಾನೇ ಮಲಗ್ಸಿದಾರಲ್ಲ!" ಅಂದರು. ಅತ್ತೆಯ ಗಮನ ಪೂರ್ತಿ ಅಡುಗೆಮನೆ ಕಡೆ. ಒಲೆ, ಫ್ರಿಜ್ ಇದೆ ಅಂದಮೇಲೆ ದೋಸೆ ಹಿಟ್ಟು ತರಬಹುದಿತ್ತಲ್ಲ ಅಂತ ಎರಡು ದಿನ ಹೇಳಿದರು. ಮುಂದಿನ ಸಲ ತಂದೆವು.

ಕ್ಯಾಬಿನ್‌ನಲ್ಲಿ ಒಗ್ಗರಣೆ ಮಾತ್ರ ಒಳಗೆ ಬೇಡ. ಚಿಕ್ಕ ಮನೆ, ಮೆಣಸಿನಕಾಯಿ ಸಿಡಿದರೆ ಹೊಗೆ ಅಲಾರಂ ಬಾಯಿಬಡಿದುಕೊಳ್ಳುತ್ತದೆ. ನಾನು ಹೊರಗಿನ ಮೇಜಿನ ಮೇಲೆ ಕ್ಯಾಂಪಿಂಗ್ ಸ್ಟೌ ಇಟ್ಟು ಅಲ್ಲೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತೇನೆ. ಟೆಂಟ್ ಆದರೆ ಅಡುಗೆ ಇನ್ನೂ ಸರಳ. ಮೊದಲ ರಾತ್ರಿಗೆ ಮನೆಯಿಂದ ತಂದ ಚಪಾತಿ-ಪಲ್ಯ, ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ ಮಾಡಿ ಪುಳಿಯೋಗರೆ ಗೊಜ್ಜು ಕಲಸಿದರೆ ಆಯ್ತು. ಮೊಸರನ್ನ ಕಲಸಿ ತರಬೇಡಿ, ಮೊಸರು ಬೇರೆ ಐಸಿನಲ್ಲಿರಲಿ.

ನೋಡಲು ಏನಿದೆ ಅಂತ ಕೇಳುವವರಿಗೆ: ಮೊಸಳೆ! ಅಂದರೆ ಆಲಿಗೇಟರ್. ಸೇತುವೆ ಮೇಲೆ ನಿಂತರೆ ದಂಡೆಯಲ್ಲಿ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಅವಕ್ಕೆ ತಿಂಡಿ ಹಾಕುವುದು ಫ್ಲಾರಿಡಾದಲ್ಲಿ ಅಪರಾಧ, ಸರಿಯಾದ ಕಾನೂನೇ. ಮಕ್ಕಳನ್ನು ನೀರಿನ ಅಂಚಿಗೆ ಬಿಡುವುದಿಲ್ಲ, ಅದರಲ್ಲೂ ಕತ್ತಲಾದ ಮೇಲೆ. ಇನ್ನೊಂದು, 2000ದಲ್ಲಿ ಕಟ್ಟಿದ ಮರದೆತ್ತರದ ತೂಗುದಾರಿ. ನೆಲದಿಂದ 25 ಅಡಿ ಮೇಲೆ, 100 ಅಡಿ ಉದ್ದ. ಕೊನೆಯಲ್ಲಿ 74 ಅಡಿ ಎತ್ತರದ ಗೋಪುರ. ಮಗಳು ಓಡಿ ಹತ್ತಿದಳು, ನಮ್ಮ ಯಜಮಾನರು ಅರ್ಧಕ್ಕೇ ಕೂತರು.

ನನಗೆ ಇಷ್ಟವಾದದ್ದು ಮಾತ್ರ ಬೇರೆ. ಅಲ್ಲಿನ ಓಕ್ ಮರದ ಕೊಂಬೆಗಳ ಮೇಲೆ ಒಂದು ಜರಿಗಿಡ ಬೆಳೆಯುತ್ತದೆ. ಒಣ ದಿನಗಳಲ್ಲಿ ಮುದುಡಿ, ಕಂದು ಬಣ್ಣಕ್ಕೆ ತಿರುಗಿ, ಸತ್ತೇಹೋಗಿದೆ ಅನ್ನಿಸುತ್ತದೆ. ಒಂದು ರಾತ್ರಿ ಸಣ್ಣ ಮಳೆ ಬಂತು. ಮಾರನೇ ದಿನ ಎಲೆಗಳೆಲ್ಲ ಬಿಚ್ಚಿಕೊಂಡು ಕೊಂಬೆ ಪೂರ್ತಿ ಹಸಿರು. ಇಲ್ಲಿಯವರು ಇದನ್ನು ರೆಸರೆಕ್ಷನ್ ಫರ್ನ್, ಅಂದರೆ ಸತ್ತು ಮತ್ತೆ ಎದ್ದ ಜರಿಗಿಡ, ಅನ್ನುತ್ತಾರೆ. ಮಾವ ಒಂದು ಎಲೆ ಕೀಳಲು ಹೋದರು. ಪಾರ್ಕಿನಲ್ಲಿ ಗಿಡ ಕೀಳುವಂತಿಲ್ಲ ಅಂತ ಮೊಮ್ಮಗನೇ ತಡೆದ.

ಬುಕಿಂಗ್ ವಿಷಯ. 2024ರಿಂದ ಫ್ಲಾರಿಡಾ ನಿವಾಸಿಗಳು 11 ತಿಂಗಳು ಮುಂಚೆ, ಹೊರಗಿನವರು 10 ತಿಂಗಳು ಮುಂಚೆ ಕಾಯ್ದಿರಿಸಬಹುದು. ಹೊರ ರಾಜ್ಯದಿಂದ ನೆಂಟರು, ಸ್ನೇಹಿತರು ಬರುವುದಾದರೆ ಬುಕ್ ಮಾಡುವ ಕೆಲಸ ಇಲ್ಲಿರುವವರೇ ವಹಿಸಿಕೊಳ್ಳಿ. ನಾವು ಹೋದಾಗ ಕ್ಯಾಬಿನ್‌ಗೆ ರಾತ್ರಿಗೆ 70 ಡಾಲರ್, ಟೆಂಟ್ ಸೈಟಿಗೆ 26 ಡಾಲರ್, ಮೇಲೆ ತೆರಿಗೆ ಮತ್ತು ಶುಲ್ಕ. ಫೆಬ್ರವರಿಯ ಶನಿವಾರ ಸಿಗುವುದು ಕಷ್ಟವೇ. ಆದರೆ ಹೊರಡುವ ಹದಿನೈದು ದಿನ ಮುಂಚೆ ರದ್ದು ಮಾಡುವವರು ಇದ್ದೇ ಇರುತ್ತಾರೆ, ಬೆಳಗ್ಗೆ ಎದ್ದು ಬುಕಿಂಗ್ ವೆಬ್‌ಸೈಟಿನಲ್ಲಿ ಒಮ್ಮೆ ಇಣುಕಿ. ಬಂದ ದಿನ ಗೇಟಿನ ಕೋಡ್ ಕೇಳಿ ಬರೆದುಕೊಳ್ಳಿ, ಸಂಜೆ ಹೊತ್ತು ಮುಳುಗಿದ ಮೇಲೆ ಗೇಟ್ ಮುಚ್ಚುತ್ತಾರೆ. ಸೌದೆ ಮನೆಯಿಂದ ಒಯ್ಯಬೇಡಿ, ಅದರ ಜೊತೆ ಮರ ತಿನ್ನುವ ಹುಳ ಪ್ರಯಾಣ ಮಾಡುತ್ತದೆ. ಅಲ್ಲೇ ಕೊಳ್ಳಿ.