ಮಡಿಕೇರಿಯ ಮಳೆಗಾಳಿಯಲ್ಲೇ ಸರ್ವರ್ ರೂಮ್ ತಂಪು: ನನ್ನ ಅನುಭವ

ಜುಲೈ ತಿಂಗಳ ಗಾಳಿಯನ್ನು ಸರ್ವರ್ ರೂಮಿಗೆ ಬಿಡುತ್ತೇನೆ ಅಂದಾಗ ಎಸಿ ಮೆಕ್ಯಾನಿಕ್ ನಕ್ಕ. "ಬೋರ್ಡಿಗೆಲ್ಲಾ ಬೂಸ್ಟು ಹಿಡಿಯುತ್ತೆ ಸಾರ್, ಸುಮ್ನೆ ಇರಿ." ಎರಡು ಮಳೆಗಾಲ ಕಳೆಯಿತು, ಒಂದು ಬೋರ್ಡೂ ಹೋಗಿಲ್ಲ.

ನಮ್ಮದು ಇಂಟರ್ನೆಟ್ ಕನೆಕ್ಷನ್ ಕೊಡುವ ಸಣ್ಣ ಸೆಟಪ್. ಎರಡು ರ‍್ಯಾಕ್ (ಸರ್ವರ್ ಜೋಡಿಸುವ ಕಪಾಟು), ಸುಮಾರು 4 ಕಿಲೋವ್ಯಾಟ್ ಲೋಡ್. ಒಂದೂವರೆ ಟನ್ನಿನ ಎರಡು ಎಸಿಗೇ ತಿಂಗಳಿಗೆ 1,200 ಯೂನಿಟ್ ಹೋಗುತ್ತಿತ್ತು. ಅಸಲಿಗೆ ಬೂಸ್ಟು ಇದ್ದದ್ದು ಆಗಲೇ. 18 ಡಿಗ್ರಿಗೆ ಇಟ್ಟ ರೂಮು, ಬಾಗಿಲು ತೆರೆದರೆ ನುಗ್ಗುವ ತೇವದ ಗಾಳಿ. ಎಸಿ ಪಕ್ಕದ ಗೋಡೆ ಬೆವರುತ್ತಿತ್ತು.

ಮೊದಲು ನೆಲದ ತಂಪು ಸಿಗಲಿ ಅಂತ ಹಿತ್ತಲಲ್ಲಿ ಪೈಪ್ ಹೂತು ಅದರಿಂದ ಗಾಳಿ ಎಳೆದೆ. ಹದಿನೈದು ಸಾವಿರ ದಂಡ. ಪೈಪಲ್ಲಿ ನೀರು ನಿಂತು ಕಪ್ಪೆಗಳು ಸಂಸಾರ ಹೂಡಿದವು. ಆಮೇಲೆ ಗೋಡೆಗೆ ಫ್ಯಾನ್, ಫಿಲ್ಟರ್ ಹಾಕಿದೆ. ಏಪ್ರಿಲ್‌ನ ಮೊದಲ ಮಳೆಗೆ ರೆಕ್ಕೆ ಹುಳುಗಳು ಬಂದು ಒಂದೇ ರಾತ್ರಿಗೆ ಫಿಲ್ಟರ್ ಕಟ್ಟಿಬಿಟ್ಟವು. ಹೊರಗೆ ಸೊಳ್ಳೆ ಜಾಲರಿ ಬಿಗಿದು, ಅಲ್ಲಿದ್ದ ಲೈಟ್ ತೆಗೆಸಿದ ಮೇಲೆ ಸರಿಯಾಯಿತು.

ಕೊನೆಗೆ ಕೈ ಹಿಡಿದದ್ದು ಸರ್ವರ್‌ಗಳದ್ದೇ ಬಿಸಿ. ರ‍್ಯಾಕ್ ಹಿಂದಿನ 37 ಡಿಗ್ರಿ ಗಾಳಿಯನ್ನು ಒಂದಷ್ಟು ಹೊರಗಿನ ಗಾಳಿಗೆ ಬೆರೆಸುತ್ತೇನೆ. ಹೊರಗೆ 19 ಡಿಗ್ರಿ, ತೇವಾಂಶ ಶೇ. 95 ಇದ್ದರೆ, ಬೆರೆತ ಗಾಳಿ 26 ಡಿಗ್ರಿಗೆ ಬರುವಷ್ಟರಲ್ಲಿ ತೇವಾಂಶ ಶೇ. 62ಕ್ಕೆ ಇಳಿಯುತ್ತದೆ. ಎಸಿ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ ಆಶ್ರೇ ಸರ್ವರ್‌ಗೆ ಹೋಗುವ ಗಾಳಿಗೆ ಶಿಫಾರಸು ಮಾಡುವುದು 18ರಿಂದ 27 ಡಿಗ್ರಿ. ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಿ ಇಳಿಯಲು ಶುರುವಾಗುವ ಉಷ್ಣತೆ) ಮಾತ್ರ ಅವರ 15 ಡಿಗ್ರಿ ಶಿಫಾರಸಿಗಿಂತ ಮೇಲಿರುತ್ತದೆ. ಆದರೆ ಅವರೇ ವಿಂಗಡಿಸಿದ ಎ2 ವರ್ಗದ ಯಂತ್ರಗಳಿಗೆ 21ರವರೆಗೆ ನಡೆಯುತ್ತದೆ, ನಮ್ಮವು ಅದೇ. ಡಿಎಚ್‌ಟಿ22 ಅನ್ನೋ ತೇವ ಅಳೆಯುವ ಸೆನ್ಸರ್ ನಂಬಬೇಡಿ, ಈ ತೇವಕ್ಕೆ ಅದು 99.9ಕ್ಕೆ ಅಂಟಿಕೊಳ್ಳುತ್ತದೆ. ಎಸ್‌ಎಚ್‌ಟಿ31 ಹಾಕಿ. ಡ್ಯಾಂಪರ್ (ಗಾಳಿ ಬಿಡುವ ಕದ) ಯಾವಾಗ, ಎಷ್ಟು ತೆರೆಯಬೇಕು ಅನ್ನೋದನ್ನು ಮಾತ್ರ ನಾನು ಬರೆಯಲ್ಲ, ಅದಕ್ಕೆ ತುಂಬಾ ನಿದ್ದೆ ಕೆಟ್ಟಿದ್ದೇನೆ.

ಉಳಿದ ಬಿಸಿ ಗಾಳಿಯಲ್ಲಿ ಹುಡುಗರ ರೈನ್‌ಕೋಟ್, ಜೀನ್ಸ್ ಒಣಗಿಸಿ ನೋಡಿದೆವು. ಚೆನ್ನಾಗಿ ಒಣಗಿದವು, ಆದರೆ ಆ ತೇವ ಮತ್ತೆ ರ‍್ಯಾಕ್‌ಗೇ ಬಂತು. ಈಗ ಬಟ್ಟೆ ಗಾಳಿ ನೇರ ಹೊರಗೆ.

ಖರ್ಚು ಒಟ್ಟು ನಲವತ್ತು ಸಾವಿರದ ಆಸುಪಾಸು. ತಿಂಗಳಿಗೆ ಸಾವಿರ ಯೂನಿಟ್ ಉಳಿಯುತ್ತಿದೆ. ನಮ್ಮ ದೇಶದ ಗ್ರಿಡ್‌ಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಲೆಕ್ಕ, ಅಂದರೆ ತಿಂಗಳಿಗೆ 700 ಕೆಜಿ ಕಡಿಮೆ. ಅದಕ್ಕಿಂತ ಖುಷಿ ಡೀಸೆಲ್‌ದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎಸಿಗಾಗಿ ತಕ್ಷಣ ಜನರೇಟರ್ ಹಾಕಬೇಕಿತ್ತು. ಈಗ ಫ್ಯಾನ್ ಬ್ಯಾಟರಿಯಲ್ಲೇ ಓಡುತ್ತದೆ. ಒಂದು ಎಸಿ ಮಾರಿದೆ. ಇನ್ನೊಂದು ಏಪ್ರಿಲ್ ಮಧ್ಯಾಹ್ನಗಳಿಗೆ ಬೇಕೇ ಬೇಕು.